ತರಗತಿಗೆ ಮರಳಿದ ಮಕ್ಕಳು: ‘ದೂರ’ದ ಒಂದು ಓದು

ದಲಿತ ವಿಮರ್ಶೆ ಎಂದರೆ ಕತೆ, ಕವಿತೆ, ಕಾದಂಬರಿಗಳನ್ನು ಓದುವ ಕ್ರಮ ಮಾತ್ರವಲ್ಲ ಎಂದು ನಾವು ಬಹಳ ಕಾಲದಿಂದ ಹೇಳುತ್ತಲೇ ಬಂದಿದ್ದೇವೆ. ಸರ್ಕಾರಿ ಸುತ್ತೋಲೆ, ಹಾಜರಿ ಪುಸ್ತಕ, ಬಿಸಿಯೂಟದ ಸಾಲು, ಶಾಲೆಯ ನೀರಿನ ಕೊಳಾಯಿ ಇವೆಲ್ಲವೂ ಓದಬೇಕಾದ ಪಠ್ಯಗಳೇ. ಹೀಗೆ ಹೇಳಿದ್ದೇವೆಯೇ ಹೊರತು ಓದಿದ್ದು ಕಮ್ಮಿ. ಕೊರೊನಾ ಕಾರಣಕ್ಕೆ 2020ರ ಮಾರ್ಚ್‌ನಲ್ಲಿ ಬಾಗಿಲು ಹಾಕಿದ ಕರ್ನಾಟಕದ ಶಾಲೆಗಳು ಒಂದರಿಂದ ಐದನೇ ತರಗತಿಯ ಮಕ್ಕಳಿಗೆ ಮತ್ತೆ ತೆರೆದದ್ದು 2021ರ ಅಕ್ಟೋಬರ್ 25ರಂದು. ಸುಮಾರು ಹತ್ತೊಂಬತ್ತು ತಿಂಗಳು. ಈ ನಡುವೆ ಫೋನಿನಲ್ಲಿ, ಟಿ.ವಿ.ಯಲ್ಲಿ, ಜಗಲಿಯ ಮೇಲೆ ನಡೆದದ್ದನ್ನೂ, ಆಮೇಲೆ ಮಕ್ಕಳು ತರಗತಿಗೆ ಮರಳಿದಾಗ ಆದದ್ದನ್ನೂ ಕೇರಿಯ ಕಡೆಯಿಂದ ನಿಂತು ಓದುವುದು ಈ ಲೇಖನದ ಉದ್ದೇಶ. ನಾನು ಪ್ರಾಥಮಿಕ ಶಾಲೆಯ ಮೇಷ್ಟ್ರು. ಹಾಗಾಗಿ ಇದರಲ್ಲಿ ನನ್ನ ಪಾಲೂ ಇದೆ, ಆ ಪಾಲನ್ನು ಮುಚ್ಚಿಟ್ಟು ಬರೆಯಲಾರೆ.

ಮೊದಲು ಒಂದು ಪದದಿಂದ ಶುರು ಮಾಡೋಣ. ಆ ದಿನಗಳಲ್ಲಿ ಪಂಚಾಯಿತಿ ಗೋಡೆ, ಬಸ್ಸಿನ ಬಾಗಿಲು, ನ್ಯಾಯಬೆಲೆ ಅಂಗಡಿ ಎಲ್ಲಿ ನೋಡಿದರೂ ‘ಸಾಮಾಜಿಕ ಅಂತರ ಕಾಪಾಡಿ’ ಎಂಬ ಬರಹ. ರೋಗ ಅಂಟದಿರಲು ಬೇಕಾಗಿದ್ದದ್ದು ಮೈಗೂ ಮೈಗೂ ನಡುವೆ ಒಂದು ಮಾರಿನ ಅಂತರ. ‘ದೈಹಿಕ ಅಂತರ’ ಎಂದಿದ್ದರೆ ಸಾಕಿತ್ತು. ಆದರೆ ಈ ದೇಶಕ್ಕೆ ಬಾಯಿಗೆ ಬಂದದ್ದು ‘ಸಾಮಾಜಿಕ’ ಎಂಬ ಪದವೇ. ನಮ್ಮ ಶಾಲೆಯ ಊರಿನ ಕೇರಿಯ ಹಿರಿಯರೊಬ್ಬರು ಆ ಬರಹ ಓದಿಸಿಕೊಂಡು ಕೇಳಿ, “ನಮ್ಗೇನ್ ಹೊಸದಾ ಸಾ ಇದು? ನಮ್ ತಾತ್ನ ಕಾಲದಿಂದ್ಲೂ ಕಾಪಾಡ್ಕಂಡೇ ಬಂದೀವಿ” ಎಂದು ನಕ್ಕರು. ನಾನೂ ನಕ್ಕೆ. ಆಮೇಲೆ ಬಹಳ ದಿನ ಆ ನಗು ಗಂಟಲಲ್ಲೇ ಕೂತಿತ್ತು.

‘ದೂರಶಿಕ್ಷಣ’ ಎಂಬುದನ್ನೂ ಹೀಗೇ ಬಿಡಿಸಿ ನೋಡಬೇಕು. ದೂರಶಿಕ್ಷಣವೆಲ್ಲ ಕೆಟ್ಟದ್ದು ಎನ್ನುವುದು ನನ್ನ ವಾದವಲ್ಲ. 1996ರಲ್ಲಿ ಮೈಸೂರಿನಲ್ಲಿ ಕರ್ನಾಟಕ ರಾಜ್ಯ ಮುಕ್ತ ವಿಶ್ವವಿದ್ಯಾನಿಲಯ ಆಗುವ ಮೊದಲೂ, ಆದ ಮೇಲೂ, ಅಂಚೆಯಲ್ಲಿ ಬಂದ ಪಾಠ ಓದಿಕೊಂಡು ಪದವಿ ಪಡೆದ ನಮ್ಮವರಿದ್ದಾರೆ. ಹಗಲು ಕೆಲಸ ಮಾಡಿ ರಾತ್ರಿ ಓದಿದವರು ಅವರು. ಆದರೆ ಅವರಿಗೆ ಅಕ್ಷರ ಆಗಲೇ ಕೈಗೆ ಬಂದಿತ್ತು, ದೂರವನ್ನು ಆರಿಸಿಕೊಂಡವರು ಅವರೇ. ಎರಡನೇ ತರಗತಿಯ ಮಗು ದೂರವನ್ನು ಆರಿಸಿಕೊಳ್ಳುವುದಿಲ್ಲ. ಅದನ್ನು ದೂರ ಇಡಲಾಗುತ್ತದೆ.

ದೂರ ಇಟ್ಟು ಕಲಿಸುವುದು ಈ ನೆಲದಲ್ಲಿ ಹಳೆಯ ಪದ್ಧತಿ. ಸಾತಾರದ ಶಾಲೆಯಲ್ಲಿ ಬಾಲಕ ಭೀಮರಾವ್ ಬೇರೆಯಾಗಿ ಗೋಣಿತಟ್ಟಿನ ಮೇಲೆ ಕೂರಬೇಕಿತ್ತು. ಶಾಲೆ ಗುಡಿಸುವ ಆಳು ಆ ತಟ್ಟನ್ನು ಮುಟ್ಟುತ್ತಿರಲಿಲ್ಲವಾದ್ದರಿಂದ ಸಂಜೆ ಅದನ್ನು ಮನೆಗೆ ಹೊತ್ತುಕೊಂಡು ಹೋಗಿ ಬೆಳಿಗ್ಗೆ ಮತ್ತೆ ತರಬೇಕಿತ್ತು. ಜವಾನ ಬಂದು ಕೊಳಾಯಿ ತಿರುಗಿಸದಿದ್ದರೆ ನೀರಿಲ್ಲ. ಅಂಬೇಡ್ಕರ್ ಅವರೇ ಬರೆದಿಟ್ಟಿರುವ ಸಂಗತಿ ಇದು. ಒಂದೇ ಕೋಣೆ, ಒಂದೇ ಮೇಷ್ಟ್ರು, ಒಂದೇ ಪಾಠ, ಆದರೂ ಅದು ದೂರಶಿಕ್ಷಣ. ಓಂಪ್ರಕಾಶ್ ವಾಲ್ಮೀಕಿ ಅವರ ‘ಜೂಠನ್’ನಲ್ಲಿ ಹುಡುಗನ ಕೈಗೆ ಹೆಡ್‌ಮಾಸ್ತರು ಪೊರಕೆ ಹಿಡಿಸಿ ಶಾಲೆಯ ಅಂಗಳ ಗುಡಿಸಲು ಕಳಿಸುತ್ತಾನೆ. ಉಳಿದ ಮಕ್ಕಳು ಒಳಗೆ ಓದುತ್ತಿರುತ್ತಾರೆ. ಅಲ್ಲಿ ತರಗತಿಯ ಬಾಗಿಲಿಗೂ ಅಂಗಳಕ್ಕೂ ಇದ್ದ ಹತ್ತು ಹೆಜ್ಜೆಯನ್ನು ಯಾವ ಇಂಟರ್ನೆಟ್ಟೂ ದಾಟಿಸುತ್ತಿರಲಿಲ್ಲ. ಕನ್ನಡದಲ್ಲಿ ಅರವಿಂದ ಮಾಲಗತ್ತಿಯವರ ‘ಗೌರ್ಮೆಂಟ್ ಬ್ರಾಹ್ಮಣ’ (1994) ಇದೆ. ಸಿದ್ದಲಿಂಗಯ್ಯನವರ ‘ಊರುಕೇರಿ’ಯ ಹೆಸರೇ ಒಂದು ನಕ್ಷೆ. ಈ ಕೃತಿಗಳನ್ನು ನಾವು ಅಪಮಾನದ ದಾಖಲೆಗಳೆಂದು ಓದಿದ್ದೇವೆ. ಅವು ದೂರವನ್ನು ಅಳೆದ ದಾಖಲೆಗಳೂ ಹೌದು.

*

2020ರ ಮಳೆಗಾಲಕ್ಕೆ ಬರೋಣ. ಜುಲೈ 20ರಿಂದ ದೂರದರ್ಶನದ ಚಂದನ ವಾಹಿನಿಯಲ್ಲಿ ಎಂಟು, ಒಂಬತ್ತು, ಹತ್ತನೇ ತರಗತಿಗಳಿಗೆ ‘ಸಂವೇದ’ ಪಾಠಗಳು ಶುರುವಾದವು. ಖಾಸಗಿ ಶಾಲೆಗಳು ಅಷ್ಟರಲ್ಲಿ ಫೋನಿನ ಪಾಠ ಆರಂಭಿಸಿದ್ದವು. ಆಗಸ್ಟ್‌ನಲ್ಲಿ ಸರ್ಕಾರಿ ಶಾಲೆಗಳಿಗೆ ‘ವಿದ್ಯಾಗಮ’ ಬಂತು. ಮಗು ಶಾಲೆಗೆ ಬರಲಾಗದಿದ್ದರೆ ಶಾಲೆಯೇ ಮಗುವಿನ ಬಳಿಗೆ ಹೋಗುವುದು. ಯೋಚನೆ ಒಳ್ಳೆಯದೇ ಇತ್ತು, ಇದನ್ನು ಒಪ್ಪದೆ ಹೋದರೆ ಅನ್ಯಾಯವಾಗುತ್ತದೆ.

ಅದರ ಮೊದಲ ಕೆಲಸವೇ ಮಕ್ಕಳನ್ನು ಮೂರು ಪಾಲು ಮಾಡುವುದಾಗಿತ್ತು: ಇಂಟರ್ನೆಟ್ ಇರುವ ಫೋನಿನವರು, ಬರೀ ಮಾತಾಡುವ ಫೋನಿನವರು, ಏನೂ ಇಲ್ಲದವರು. ಪಟ್ಟಿ ಮಾಡಿದ್ದು ನಾವೇ. ಜಾತಿಯ ಕಾಲಂ ಆ ಪಟ್ಟಿಯಲ್ಲಿರಲಿಲ್ಲ, ಇರಬೇಕಾದ ಅಗತ್ಯವೂ ಇರಲಿಲ್ಲ. ಪಟ್ಟಿ ಮುಗಿಸಿ ನೋಡಿದರೆ ಮೂರನೆಯ ಪಾಲಿನಲ್ಲಿದ್ದದ್ದು ಹೆಚ್ಚುಕಮ್ಮಿ ಕೇರಿಯೇ. ಎರಡನೆಯ ಪಾಲಿನಲ್ಲಿ ಕೇರಿಯ ಜೊತೆಗೆ ನಾಯಕರ ಬೀದಿಯ, ಕುಂಬಾರರ ಬೀದಿಯ ಕೆಲವು ಮನೆಗಳಿದ್ದವು. ಫೋನು ಇದೆ ಎಂದ ಮನೆಗಳಲ್ಲೂ ಫೋನು ಮಗುವಿನದಾಗಿರಲಿಲ್ಲ. ಅಪ್ಪನ ಜೇಬಿನಲ್ಲಿ ಬೆಳಿಗ್ಗೆ ಆರಕ್ಕೆ ಕೂಲಿಗೆ ಹೋಗಿ ರಾತ್ರಿ ಎಂಟಕ್ಕೆ ಬರುತ್ತಿತ್ತು. ಬಂದಾಗ ಕರೆನ್ಸಿ ಇರುತ್ತಿರಲಿಲ್ಲ. ಕರೆನ್ಸಿ ಇದ್ದ ದಿನ ಅಣ್ಣ ಬಿಡುತ್ತಿರಲಿಲ್ಲ. ಹೆಣ್ಣುಮಕ್ಕಳ ಸರದಿ ಬರುವುದು ಕೊನೆಗೆ. ಟಿ.ವಿ. ಇದ್ದ ಮನೆಯ ಮಾತೂ ಹೀಗೆಯೇ. ಒಬ್ಬರ ಮನೆಯ ಟಿ.ವಿ. ನೋಡಲು ಇನ್ನೊಬ್ಬರ ಮಗು ಒಳಗೆ ಹೋಗಬೇಕು, ಒಳಗೆ ಹೋಗಲು ಹೊಸ್ತಿಲು ದಾಟಬೇಕು. ಹೊಸ್ತಿಲ ಸಂಗತಿ ಈ ಪತ್ರಿಕೆಯ ಓದುಗರಿಗೆ ವಿವರಿಸಬೇಕಿಲ್ಲ.

ನಮ್ಮ ಒಂದು ಊರಿನ ಕತೆ ಇದು ಎಂದು ಯಾರಾದರೂ ಅನ್ನಬಹುದು. 2021ರ ಆಗಸ್ಟ್‌ನಲ್ಲಿ ಜೀನ್ ಡ್ರೀಜ್, ರೀತಿಕಾ ಖೇರಾ ಮತ್ತಿತರರು ಸೇರಿ 15 ರಾಜ್ಯ ಹಾಗೂ ಕೇಂದ್ರಾಡಳಿತ ಪ್ರದೇಶಗಳ ಬಡ ವಸತಿಗಳಲ್ಲಿ ಸುಮಾರು 1400 ಮಕ್ಕಳ ಸಮೀಕ್ಷೆ ಮಾಡಿದರು. ಹಳ್ಳಿಯ ಮಕ್ಕಳಲ್ಲಿ ಆನ್‌ಲೈನಿನಲ್ಲಿ ನಿಯಮಿತವಾಗಿ ಓದುತ್ತಿದ್ದವರು ಶೇ. 8. ಏನೂ ಓದದೇ ಇದ್ದವರು ಶೇ. 37. ಹಳ್ಳಿಯ ದಲಿತ, ಆದಿವಾಸಿ ಮಕ್ಕಳನ್ನು ಮಾತ್ರ ಬೇರೆ ಮಾಡಿ ನೋಡಿದರೆ ನಿಯಮಿತವಾಗಿ ಓದುತ್ತಿದ್ದವರು ಶೇ. 4, ಉಳಿದ ಹಳ್ಳಿಯ ಮಕ್ಕಳಲ್ಲಿ ಶೇ. 15. ಈ ಎಲ್ಲರೂ ಬಡವರೇ ಎಂಬುದನ್ನು ನೆನಪಿಡಬೇಕು. ಬಡತನದ ಒಳಗೇ ಇನ್ನೊಂದು ಗೆರೆ ಇದೆ. ‘ಇದು ಜಾತಿ ಅಲ್ಲ ಕಣ್ರೀ, ವರ್ಗ’ ಎಂದು ವಾದಿಸುವ ಗೆಳೆಯರು ಆ ನಾಲ್ಕಕ್ಕೂ ಹದಿನೈದಕ್ಕೂ ಇರುವ ವ್ಯತ್ಯಾಸವನ್ನು ಯಾವ ಲೆಕ್ಕಕ್ಕೆ ಹಾಕುತ್ತಾರೋ ನೋಡಬೇಕು.

ಅದೇ ಸಮೀಕ್ಷೆಯಲ್ಲಿ ಹಳ್ಳಿಯ ದಲಿತ, ಆದಿವಾಸಿ ತಂದೆತಾಯಿಗಳಲ್ಲಿ ಶೇ. 98 ಮಂದಿ ಶಾಲೆ ಬೇಗ ತೆಗೆಯಿರಿ ಎಂದಿದ್ದರು. ಇದನ್ನು ನಾವು ನಿಂತು ಓದಬೇಕು. ಆ ಶಾಲೆಯಲ್ಲಿ ತಮ್ಮ ಮಕ್ಕಳಿಗೆ ಎಂಥ ಮರ್ಯಾದೆ ಸಿಗುತ್ತದೆ ಎಂಬುದು ಈ ತಂದೆತಾಯಿಗಳಿಗೆ ಗೊತ್ತಿಲ್ಲವೆ? ಅವರಲ್ಲಿ ಎಷ್ಟೋ ಮಂದಿ ಅದೇ ಶಾಲೆಯಿಂದ ಓಡಿಬಂದವರು. ಆದರೂ ತೆಗೆಯಿರಿ ಅಂದರು. ಯಾಕೆಂದರೆ ಊರಿನ ಮಗುವೂ ಕೇರಿಯ ಮಗುವೂ ಒಂದೇ ಸೂರಿನ ಕೆಳಗೆ ದಿನಕ್ಕೆ ಆರು ಗಂಟೆ ಇರುವ ಜಾಗ ಇಡೀ ಹಳ್ಳಿಯಲ್ಲಿ ಅದೊಂದೇ. ಗುಡಿಯಲ್ಲಿ ಇಲ್ಲ, ಹೋಟೆಲಿನಲ್ಲಿ ಅಷ್ಟಕ್ಕಷ್ಟೆ, ಕೆರೆಯಲ್ಲಿ ಸೋಪಾನ ಬೇರೆ, ಸ್ಮಶಾನವಂತೂ ಬೇರೆಯೇ. ಶಾಲೆ ಮುಚ್ಚಿತು ಅಂದರೆ ಅಷ್ಟು ಜಾಗವೂ ಹೋಯಿತು.

*

ವಿದ್ಯಾಗಮದ ಪಾಠ ಎಲ್ಲಿ ಮಾಡಬೇಕು? ಗುಡಿಯ ಜಗಲಿ, ಅರಳಿಕಟ್ಟೆ, ಸಮುದಾಯ ಭವನ, ಮರದ ನೆರಳು, ಗಾಳಿ ಬೆಳಕು ಇರುವ ಯಾವ ಜಾಗವಾದರೂ ಸರಿ. ಈ ಮಾತು ಯಾರಿಗೂ ಕೆಟ್ಟದ್ದು ಬಯಸಿದ್ದಲ್ಲ. ಬರೆದವರಿಗೆ ಹಳ್ಳಿ ಅಂದರೆ ಒಂದು ಅರಳಿಮರ, ಒಂದು ಗುಡಿ, ಕೆಳಗೆ ಕೂತ ಮಕ್ಕಳು. ಚಿತ್ರಪಟದ ಹಳ್ಳಿ ಅದು. ಆ ಚಿತ್ರದಲ್ಲಿ ಕೇರಿ ಇಲ್ಲ.

ನಮ್ಮ ಶಾಲೆ ಚಾಮರಾಜನಗರದ ಕಡೆ. ಊರಿನ ಮಧ್ಯೆ ಮಾರಿಗುಡಿ, ಅದಕ್ಕೆ ಒಳ್ಳೆಯ ಸಿಮೆಂಟಿನ ಜಗಲಿ, ಮೇಲೆ ಶೀಟು. ಮೊದಲ ದಿನ ಅಲ್ಲೇ ಸೇರಲು ಹೇಳಿದೆ. ಊರಿನ ಮಕ್ಕಳು ಜಗಲಿ ಮೇಲೆ ಕೂತವು. ಕೇರಿಯ ಮಕ್ಕಳು ಬಂದು ಬೀದಿಯಲ್ಲಿ ನಿಂತವು. ನಾನು ಮೇಲೆ ಬನ್ನಿ ಎಂದೆ. ಯಾರೂ ಕದಲಲಿಲ್ಲ. ಐದನೇ ತರಗತಿಯ ಹುಡುಗನ ಅವ್ವ ಜೊತೆಗೆ ಬಂದಿದ್ದಳು. ಅವಳೇ ಮುಂದೆ ಬಂದು, “ಬ್ಯಾಡಿ ಸಾ. ನಮ್ ಐಕ ಇಲ್ಲೇ ಕೆಳಗೇ ಕುಂತ್ಕತ್ತವ. ನೀವ್ ಪಾಟ ಹೇಳ್ಕೊಡಿ ಸಾಕು” ಎಂದಳು. ಗುಡಿಯ ಕಡೆಯ ಯಜಮಾನರೊಬ್ಬರು ಎದುರಿಗೆ ನಿಂತಿದ್ದರು. ಅವರು ಒಂದು ಮಾತೂ ಆಡಲಿಲ್ಲ. ಆಡಬೇಕಾದ ಅಗತ್ಯ ಅವರಿಗಿರಲಿಲ್ಲ.

ಮಾರನೆಯ ದಿನ ಕೇರಿಯ ಅಂಬೇಡ್ಕರ್ ಭವನದಲ್ಲಿ ಸೇರಿಸಿದೆ. ಜಗಲಿಗಿಂತ ದೊಡ್ಡದು, ಗಾಳಿಯೂ ಇತ್ತು. ಊರಿನ ಮಕ್ಕಳು ಒಂದೂ ಬರಲಿಲ್ಲ. ಫೋನು ಮಾಡಿದರೆ ನೆಗಡಿ, ಜ್ವರ, ಅಜ್ಜಿ ಮನೆ. ಹೀಗೆ ಒಂದು ವಾರ ಕಳೆಯಿತು. ಕೊನೆಗೆ ನಾನು ಕಂಡುಕೊಂಡ ಉಪಾಯ ಇದು: ಬೆಳಿಗ್ಗೆ ಮಾರಿಗುಡಿ ಜಗಲಿಯಲ್ಲಿ ಒಂದು ತಂಡ, ಮಧ್ಯಾಹ್ನ ಅಂಬೇಡ್ಕರ್ ಭವನದಲ್ಲಿ ಇನ್ನೊಂದು ತಂಡ. ಸಣ್ಣ ಸಣ್ಣ ತಂಡ ಮಾಡಬೇಕೆಂದು ಇಲಾಖೆಯೂ ಹೇಳಿತ್ತು. ವರದಿಯಲ್ಲಿ ‘ತಂಡ ಒಂದು, ತಂಡ ಎರಡು’ ಎಂದು ಬರೆದೆ. ಆ ವರದಿ ಓದಿದ ಯಾರಿಗೂ ಏನೂ ತಿಳಿಯುವಂತಿರಲಿಲ್ಲ. ಒಂದಾಗಿದ್ದ ಶಾಲೆಯನ್ನು ಎರಡು ಮಾಡಿದ ಕೈ ನನ್ನದು. ನಾನು ಅದೇ ಥರದ ಇನ್ನೊಂದು ಕೇರಿಯಿಂದ ಬಂದವನು ಎಂಬುದನ್ನೂ ಇಲ್ಲಿ ಹೇಳಿಬಿಡಬೇಕು.

ವಿದ್ಯಾಗಮವನ್ನು ಆ ವರ್ಷದ ಅಕ್ಟೋಬರ್‌ನಲ್ಲಿ ನಿಲ್ಲಿಸಲಾಯಿತು. ಮೇಷ್ಟ್ರುಗಳಿಗೆ, ಮಕ್ಕಳಿಗೆ ಸೋಂಕು ತಗುಲಿದ ಸುದ್ದಿಗಳು ಬಂದಿದ್ದವು. ಮಧ್ಯಾಹ್ನದ ತಂಡದ ಮಕ್ಕಳು ಮೆಲ್ಲಗೆ ಚದುರಿಹೋದವು. ಕೆಲವರು ಅಪ್ಪ ಅವ್ವನ ಜೊತೆ ಕೊಡಗಿನ ತೋಟಗಳಿಗೆ, ಕೆಲವರು ಶುಂಠಿ ಹೊಲಗಳಿಗೆ ಹೋದರು. ಆಗ ಏಳನೇ ತರಗತಿಯಲ್ಲಿದ್ದ ಹುಡುಗಿಯೊಬ್ಬಳು ಮತ್ತೆ ಸಿಕ್ಕಿದ್ದು ಸಂತೆಯಲ್ಲಿ, ಕೊರಳಲ್ಲಿ ತಾಳಿ ಇತ್ತು. “ಚೆನ್ನಾಗಿದ್ದೀರಾ ಸಾ” ಎಂದು ಅವಳೇ ಕೇಳಿದಳು.

*

ಮರಳಿ ಬಂದ ದಿನದ ಮಾತಿಗೆ ಬರೋಣ. ಆರರಿಂದ ಎಂಟನೇ ತರಗತಿಯವರು ಎರಡನೆಯ ಅಲೆಯ ನಂತರ 2021ರ ಸೆಪ್ಟೆಂಬರ್ 6ರಂದು, ಚಿಕ್ಕವರು ಅಕ್ಟೋಬರ್ 25ರಂದು ಬಂದರು. ಬಾಗಿಲಿಗೆ ಮಾವಿನ ತೋರಣ ಕಟ್ಟಿದ್ದೆವು. ಮಕ್ಕಳು ಒಳಗೆ ಬಂದು ಕೂತವು. ಯಾರೂ ಎಲ್ಲಿ ಕೂರಬೇಕೆಂದು ಹೇಳಿರಲಿಲ್ಲ. ಕಿಟಕಿಯ ಕಡೆ ಜಗಲಿಯ ತಂಡ ಕೂತಿತು, ಬಾಗಿಲ ಕಡೆ ಭವನದ ತಂಡ ಕೂತಿತು. ನಡುವೆ ಒಂದು ಡೆಸ್ಕಿನಷ್ಟು ಜಾಗ ಖಾಲಿ. ಹೋದ ವರ್ಷ ನಾನು ಮಾಡಿದ ‘ತಂಡ ಒಂದು, ತಂಡ ಎರಡು’ ನನ್ನ ಎದುರಿಗೇ ಕೂತಿತ್ತು. ಶಾಲೆ ಮುಚ್ಚುವ ಮುಂಚೆ ನಮ್ಮಲ್ಲಿ ಜಾತಿ ಇರಲಿಲ್ಲ ಎಂದು ನಾನು ಹೇಳುತ್ತಿಲ್ಲ. ಆದರೆ ಒಂದರಿಂದ ಮೂರನೇ ತರಗತಿಯವರೆಗಿನ ನಲಿ-ಕಲಿಯಲ್ಲಿ ಮಕ್ಕಳು ದುಂಡಗೆ ಕೂರುತ್ತಾರೆ, ಕಾರ್ಡಿನ ಪ್ರಕಾರ ತಟ್ಟೆಯಿಂದ ತಟ್ಟೆಗೆ ಓಡಾಡುತ್ತಾರೆ. ಆ ಓಡಾಟದಲ್ಲಿ ಮೈ ಮೈ ತಾಕುತ್ತದೆ. ಎಷ್ಟೋ ವರ್ಷದ ಆ ಸವೆತ ಹತ್ತೊಂಬತ್ತು ತಿಂಗಳಲ್ಲಿ ಅಳಿಸಿಹೋಗಿತ್ತು.

ಇನ್ನೊಂದು ಸಂಗತಿ ನೀರಿನದು. ಕುಡಿಯುವ ನೀರನ್ನು ಮಕ್ಕಳು ಮನೆಯಿಂದಲೇ ತರಬೇಕೆಂಬ ಸೂಚನೆ ಇತ್ತು. ರೋಗದ ಕಾಲದಲ್ಲಿ ಸರಿಯಾದದ್ದೇ. ಶಾಲೆಯ ನೀರಿನ ಡ್ರಮ್ಮು ಮೂಲೆಯಲ್ಲಿ ಬೋರಲಾಗಿ ಬಿದ್ದಿತ್ತು. ಪ್ರತಿ ಮಗುವಿನ ಪಕ್ಕದಲ್ಲಿ ಒಂದೊಂದು ಬಾಟಲಿ. ತಂಪು ಪಾನೀಯದ ಖಾಲಿ ಬಾಟಲಿ ತಂದಿದ್ದ ಕೇರಿಯ ಹುಡುಗನೊಬ್ಬ ಸಂಜೆ ಅದನ್ನು ಜತನವಾಗಿ ಚೀಲಕ್ಕೆ ಹಾಕಿಕೊಂಡು ಹೊರಟಾಗ ನನಗೆ ಸಾತಾರದ ಗೋಣಿತಟ್ಟು ನೆನಪಾಯಿತು. ರೋಗ ಹೋದ ಮೇಲೂ ಊರಿನ ಕೆಲವು ಮನೆಗಳವರು ಬಾಟಲಿ ಬಿಡಲಿಲ್ಲ. ‘ಅಭ್ಯಾಸ ಆಗೋಯ್ತು ಸಾರ್, ಶುದ್ಧ ನೀರು ನೋಡಿ’ ಎಂದರು. ಶುದ್ಧ ಎಂಬ ಪದಕ್ಕೆ ನಮ್ಮ ಭಾಷೆಯಲ್ಲಿ ಎರಡು ಅರ್ಥ ಇವೆ. ರೋಗ ಆ ಎರಡನ್ನೂ ಬೆಸೆದು ಕೊಟ್ಟಿತು.

ಅಕ್ಷರದ ಮಾತು. ಐದನೇ ತರಗತಿಗೆ ಬಂದು ಕೂತ ಮಗು ಕೊನೆಯ ಸಲ ತರಗತಿಯಲ್ಲಿ ಕೂತಿದ್ದು ಮೂರನೆಯದರಲ್ಲಿ. ಮೊದಲು ಹೋದದ್ದು ಒತ್ತಕ್ಷರ. ಆಮೇಲೆ ದೀರ್ಘ, ಆಮೇಲೆ ಗುಣಿತ. ತನ್ನ ಹೆಸರಿನಲ್ಲೇ ಒತ್ತಕ್ಷರ ಇದ್ದ ಮಗು ತನ್ನ ಹೆಸರನ್ನು ಅರ್ಧಕ್ಕೆ ಬರೆದು ಪೆನ್ಸಿಲು ಕಚ್ಚಿಕೊಂಡು ಕೂತಿದ್ದನ್ನು ನಾನು ಕಂಡಿದ್ದೇನೆ. ಅಜೀಂ ಪ್ರೇಮ್‌ಜಿ ಪ್ರತಿಷ್ಠಾನ 2021ರ ಜನವರಿಯಲ್ಲಿ ಕರ್ನಾಟಕವೂ ಸೇರಿದಂತೆ ಐದು ರಾಜ್ಯಗಳ 1137 ಸರ್ಕಾರಿ ಶಾಲೆಗಳ 16,067 ಮಕ್ಕಳನ್ನು ಪರೀಕ್ಷಿಸಿತ್ತು. ಹಿಂದಿನ ವರ್ಷ ಬರುತ್ತಿದ್ದ ಭಾಷೆಯ ಒಂದಾದರೂ ಸಾಮರ್ಥ್ಯವನ್ನು ಶೇ. 92 ಮಕ್ಕಳು, ಗಣಿತದ ಒಂದಾದರೂ ಸಾಮರ್ಥ್ಯವನ್ನು ಶೇ. 82 ಮಕ್ಕಳು ಕಳೆದುಕೊಂಡಿದ್ದರು. ಚಿಕ್ಕವರಿಗೆ ಶಾಲೆ ತೆರೆಯುವುದಕ್ಕೆ ಇನ್ನೂ ಒಂಬತ್ತು ತಿಂಗಳು ಇರುವಾಗಿನ ಲೆಕ್ಕ ಇದು. 2022-23ನೇ ಸಾಲನ್ನು ಕರ್ನಾಟಕ ‘ಕಲಿಕಾ ಚೇತರಿಕೆ’ಯ ವರ್ಷ ಎಂದು ಘೋಷಿಸಿ, ಪಠ್ಯಪುಸ್ತಕದ ಜೊತೆಗೆ ಕಲಿಕಾ ಹಾಳೆಗಳನ್ನು ಕೊಟ್ಟು, ಹಿಂದಿನ ತರಗತಿಗಳಿಂದ ಎತ್ತಿಕೊಂಡು ಬರುವ ಕ್ರಮ ಮಾಡಿತು. ಕೆಲಸಕ್ಕೆ ಬಂತು. ನಮ್ಮ ಶಾಲೆಯಲ್ಲಿ ಆ ಒತ್ತಕ್ಷರದ ಮಗು ದಸರೆಯ ಹೊತ್ತಿಗೆ ತನ್ನ ಹೆಸರನ್ನು ಪೂರ್ತಿ ಬರೆಯಿತು.

ಇಲ್ಲಿ ವಿಮರ್ಶಕರು ಸ್ವಲ್ಪ ನಿಲ್ಲಬೇಕು. ‘ಕಲಿಕಾ ನಷ್ಟ’ ಎಂಬ ಪದ ಎಲ್ಲರ ಬಾಯಲ್ಲೂ ಬಂತು. ನಷ್ಟ ಅನ್ನುವುದು ಅಂಗಡಿಯ ಮಾತು. ಇದ್ದದ್ದು ಹೋಯಿತು, ಇಷ್ಟು ತುಂಬಿಕೊಟ್ಟರೆ ಲೆಕ್ಕ ಸರಿಹೋಯಿತು ಎಂಬ ಧಾಟಿ ಅದರಲ್ಲಿದೆ. ಆದರೆ ಕಿಟಕಿಗೂ ಬಾಗಿಲಿಗೂ ನಡುವೆ ಖಾಲಿ ಬಿದ್ದಿದ್ದ ಆ ಒಂದು ಡೆಸ್ಕಿನಷ್ಟು ಜಾಗ ಯಾವ ಕಲಿಕಾ ಹಾಳೆಯಲ್ಲೂ ಇಲ್ಲ. ಯಾವ ಸಮೀಕ್ಷೆಯೂ ‘ನೀನು ಯಾರ ಪಕ್ಕ ಕೂತಿದ್ದೀಯ’ ಎಂದು ಕೇಳಲಿಲ್ಲ. ಒತ್ತಕ್ಷರ ಆರು ತಿಂಗಳಲ್ಲಿ ವಾಪಸು ಬಂತು. ಪಕ್ಕದಲ್ಲಿ ಕೂರುವುದು ಬರಲಿಲ್ಲ.

ಇದಕ್ಕೆ ಎದುರು ದಿಕ್ಕಿನ ಒಂದು ತಪ್ಪನ್ನೂ ನಮ್ಮವರೇ ಮಾಡುತ್ತಾರೆ. ಒಂದು ಸಭೆಯಲ್ಲಿ ಗೆಳೆಯರೊಬ್ಬರು, ಶಾಲೆ ಮುಚ್ಚಿದ್ದಾಗ ದಲಿತ ಮಕ್ಕಳು ಬದುಕಿನ ಪಾಠ ಕಲಿತರು, ಹೊಲ ಕಲಿತರು, ಕೂಲಿ ಲೆಕ್ಕ ಕಲಿತರು, ಅದು ಜ್ಞಾನವಲ್ಲವೆ ಎಂದು ಭಾವುಕರಾಗಿ ಮಾತಾಡಿದರು. ಚಪ್ಪಾಳೆಯೂ ಬಿತ್ತು. ಹೌದು, ನಮ್ಮ ಹುಡುಗ ಶುಂಠಿಯ ಮೂಟೆ ಲೆಕ್ಕ, ಬಟವಾಡೆಯ ಲೆಕ್ಕ ಬಾಯಲ್ಲೇ ಹೇಳುತ್ತಿದ್ದ. ಆ ಲೆಕ್ಕ ಅವನ ಅಪ್ಪನಿಗೂ ಬರುತ್ತದೆ, ತಾತನಿಗೂ ಬರುತ್ತಿತ್ತು. ಮಗುವಿನ ಕೂಲಿಯನ್ನು ‘ದೇಸಿ ಜ್ಞಾನ’ ಎಂದು ಕರೆಯುವ ಚಟ ದಲಿತ ವಿಮರ್ಶೆಗೆ ಬೇಡ. ಅವನ ನುಡಿಯ ವಿಷಯ ಬೇರೆ. ಕೇರಿಯಲ್ಲೇ ಇದ್ದು ಬಂದ ಮಕ್ಕಳ ಬಾಯಲ್ಲಿ ಮಹಾಪ್ರಾಣ ಪೂರ್ತಿ ಮಾಯವಾಗಿತ್ತು, ಹಕಾರ ಅಕಾರವಾಗಿತ್ತು. ಅದನ್ನು ನಷ್ಟ ಎಂದು ಬರೆದುಕೊಳ್ಳಲು ನಾನು ಒಪ್ಪಲಿಲ್ಲ. ಬರೆಯುವಾಗ ತಿದ್ದಿದೆ, ಮಾತಾಡುವಾಗ ತಿದ್ದಲಿಲ್ಲ. ಪಕ್ಕದ ತರಗತಿಯಲ್ಲಿ ತಿದ್ದುತ್ತಿದ್ದರು, ಮಕ್ಕಳು ನಗುತ್ತಿದ್ದವು. ಹಾಗೆ ನಗಿಸಿಕೊಂಡ ಮಗು ಆಮೇಲೆ ಎದ್ದು ನಿಂತು ಓದುವುದಿಲ್ಲ.

*

ಮಕ್ಕಳು ಮರಳಿದ ತರಗತಿ ಹಳೆಯ ತರಗತಿಯಾಗಿ ಉಳಿದಿರಲಿಲ್ಲ. 2021ರ ಡಿಸೆಂಬರ್‌ನಲ್ಲಿ ಕಲ್ಯಾಣ ಕರ್ನಾಟಕದ ಜಿಲ್ಲೆಗಳ ಶಾಲೆಗಳಲ್ಲಿ ಬಿಸಿಯೂಟದ ಜೊತೆ ಮೊಟ್ಟೆ ಕೊಡಲು ಶುರು ಮಾಡಿದಾಗ ಕೆಲವು ಮಠಾಧೀಶರು ವಿರೋಧಿಸಿದರು. ಒಂದೂವರೆ ವರ್ಷ ಬಿಸಿಯೂಟವಿಲ್ಲದೆ ಬರೀ ಅಕ್ಕಿ ಬೇಳೆಯ ಪೊಟ್ಟಣ ಪಡೆದ ಮಕ್ಕಳ ತಟ್ಟೆಗೆ ಒಂದು ಮೊಟ್ಟೆ ಬಿದ್ದರೆ ಯಾರ ಧರ್ಮ ಕೆಡುತ್ತಿತ್ತೋ! ಗಂಗಾವತಿಯ ಶಾಲಾ ಹುಡುಗಿಯೊಬ್ಬಳು ಸ್ವಾಮಿಗಳಿಗೇ ನೇರ ಸವಾಲು ಹಾಕಿದ್ದನ್ನು ನಾಡೆಲ್ಲ ನೋಡಿತು. ನಮ್ಮ ಆ ವರ್ಷದ ದೊಡ್ಡ ಸಾಂಸ್ಕೃತಿಕ ವಿಮರ್ಶೆ ಬರೆದದ್ದು ಯಾವ ಪ್ರಾಧ್ಯಾಪಕರೂ ಅಲ್ಲ, ಅವಳು.

2022ರ ಫೆಬ್ರುವರಿಯಲ್ಲಿ ಹಿಜಾಬು ತೊಟ್ಟ ಹುಡುಗಿಯರನ್ನು ಕಾಲೇಜುಗಳ ಗೇಟಿನ ಹೊರಗೆ ನಿಲ್ಲಿಸಿದರು. ಎರಡು ವರ್ಷ ದೂರದ ಪಾಠ ಕೇಳಿ ತರಗತಿಗೆ ಮರಳಿದ್ದ ಮಕ್ಕಳು ಅವರು. ಚಿಕ್ಕಮಗಳೂರಿನ ಸರ್ಕಾರಿ ಕಾಲೇಜಿನಲ್ಲಿ ದಲಿತ ವಿದ್ಯಾರ್ಥಿಗಳು ನೀಲಿ ಶಾಲು ಹೊದ್ದು ‘ಜೈ ಭೀಮ್’ ಎನ್ನುತ್ತ ಆ ಹುಡುಗಿಯರ ಪರ ನಿಂತರು. ಗೇಟಿನ ಹೊರಗೆ ನಿಲ್ಲುವುದು ಏನೆಂದು ಅವರಿಗೆ ಯಾರೂ ಪಾಠ ಮಾಡಿರಲಿಲ್ಲ. ಅದೇ ವರ್ಷ ಪಠ್ಯಪುಸ್ತಕ ಪರಿಷ್ಕರಣೆಯ ಗದ್ದಲ. ಪಠ್ಯದಿಂದ ಅಂಬೇಡ್ಕರರಿಗೆ ‘ಸಂವಿಧಾನ ಶಿಲ್ಪಿ’ ಎಂಬ ಮಾತೇ ಬಿಟ್ಟುಹೋಗಿ, ಪ್ರತಿಭಟನೆಯ ನಂತರ ಮರಳಿ ಬಂತು. ದೇವನೂರ ಮಹಾದೇವ ಅವರು ಹತ್ತನೇ ತರಗತಿಯ ಪಠ್ಯದಲ್ಲಿದ್ದ ತಮ್ಮ ‘ಎದೆಗೆ ಬಿದ್ದ ಅಕ್ಷರ’ಕ್ಕೆ ಕೊಟ್ಟಿದ್ದ ಅನುಮತಿಯನ್ನು ಹಿಂದಕ್ಕೆ ಪಡೆದರು. ಒತ್ತಕ್ಷರ ಮರೆತು ಬಂದ ಮಕ್ಕಳಿಗೆ ಚೇತರಿಕೆ ಕೊಡುತ್ತಿದ್ದ ವರ್ಷವೇ ಅವರ ಪಠ್ಯದಲ್ಲಿ ಯಾವ ಅಕ್ಷರ ಇರಬೇಕು, ಯಾವುದು ಹೋಗಬೇಕು ಎಂಬ ಜಗಳ ನಡೆದಿತ್ತು.

2023ರ ಡಿಸೆಂಬರ್‌ನಲ್ಲಿ ಕೋಲಾರ ಜಿಲ್ಲೆಯ ಮಾಲೂರು ತಾಲ್ಲೂಕಿನ ವಸತಿ ಶಾಲೆಯೊಂದರಲ್ಲಿ ಮಕ್ಕಳನ್ನು ಶೌಚಗುಂಡಿಗೆ ಇಳಿಸಿ ಶುಚಿ ಮಾಡಿಸಿದ ದೃಶ್ಯ ಹೊರಬಂತು. ವಾಲ್ಮೀಕಿಯ ಪೊರಕೆಗೆ ಆಗಲೇ ಎಷ್ಟೋ ದಶಕ ಆಗಿತ್ತು. ಶಾಲೆ ತೆರೆಯಿರಿ ಎಂದು ಕೇಳಿದ ಆ ಶೇ. 98 ತಂದೆತಾಯಿಗಳು ಇದನ್ನು ಕೇಳಿರಲಿಲ್ಲ.

ವಸತಿಯ ಮಾತು ಬಂದಿದ್ದರಿಂದ ಹಾಸ್ಟೆಲಿನ ಬಗ್ಗೆ ಎರಡು ಮಾತು. ಕಾರ್ಯಕರ್ತರು ಇದನ್ನು ಗಮನಿಸಬೇಕು. 1973ರಲ್ಲಿ ಬಿ. ಬಸವಲಿಂಗಪ್ಪನವರು ಮೈಸೂರಿನಲ್ಲಿ ಕನ್ನಡ ಸಾಹಿತ್ಯವನ್ನು ಬೂಸಾ ಎಂದಾಗ ಎದ್ದ ಗಲಾಟೆಯಲ್ಲಿ ಪೆಟ್ಟು ತಿಂದವರೂ ಎದ್ದು ನಿಂತವರೂ ಹಾಸ್ಟೆಲಿನ ಹುಡುಗರು. ಅದರ ಬೆನ್ನಿಗೆ ಬಂದ ದಲಿತ ಸಂಘರ್ಷ ಸಮಿತಿಗೆ ಹಾಸ್ಟೆಲುಗಳೇ ಮಡಿಲು. ಒಂದು ಕೋಣೆಯಲ್ಲಿ ಹತ್ತು ಜನ ಮಲಗಿ, ಒಂದೇ ಪುಸ್ತಕವನ್ನು ಸರದಿಯಲ್ಲಿ ಓದಿ, ರಾತ್ರಿಯಿಡೀ ಜಗಳವಾಡಿ ಹುಟ್ಟಿದ ಚಳವಳಿ ಅದು. ಫೋನಿನ ಪಾಠದ ಕಾಲದಲ್ಲಿ ಹಾಸ್ಟೆಲುಗಳು ಬೀಗ ಹಾಕಿದ್ದವು. ಪಿ.ಯು.ಸಿ., ಪದವಿಗೆ ಆ ವರ್ಷಗಳಲ್ಲಿ ಸೇರಿದ ಹುಡುಗ ಹುಡುಗಿಯರು ತಮ್ಮ ತಮ್ಮ ಕೇರಿಗಳಲ್ಲಿ ಒಬ್ಬೊಬ್ಬರೇ ಇದ್ದು ಪಾಸಾದರು. ಅಂಕಪಟ್ಟಿ ಬಂತು, ಜೊತೆಗಾರರು ಬರಲಿಲ್ಲ. ನಮ್ಮ ಸಭೆಗಳಲ್ಲಿ ಆ ವಯಸ್ಸಿನವರು ಕಮ್ಮಿ ಕಾಣುತ್ತಾರೆ ಎಂದು ಹಿರಿಯರು ಗೊಣಗುವಾಗ ಈ ಬೀಗವನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಬೇಕು.

*

2019-20ರಲ್ಲಿ ಮೂರನೇ ತರಗತಿಯಲ್ಲಿದ್ದ ಮಗು ನಡುವೆ ಬಿಡದಿದ್ದರೆ ಎಸ್‌ಎಸ್‌ಎಲ್‌ಸಿ ಬರೆಯುವುದು 2027ರಲ್ಲಿ. ಈ ಮಕ್ಕಳಲ್ಲಿ ಒಬ್ಬರಾದರೂ ಮುಂದೆ ಆತ್ಮಕಥನ ಬರೆದೇ ಬರೆಯುತ್ತಾರೆ. ಅದರಲ್ಲಿ ಗೋಣಿತಟ್ಟು ಇರುವುದಿಲ್ಲ, ಫೋನು ಇರುತ್ತದೆ, ಜಗಲಿ ಇರುತ್ತದೆ, ಬಾಟಲಿ ಇರುತ್ತದೆ. ಅಲ್ಲಿ ನಾನೂ ಇರುತ್ತೇನೆ, ಬೆಳಿಗ್ಗೆ ಒಂದು ಕಡೆ, ಮಧ್ಯಾಹ್ನ ಒಂದು ಕಡೆ ಪಾಠ ಮಾಡಿದ ಮೇಷ್ಟ್ರಾಗಿ.

2022ರ ಜೂನ್‌ನಲ್ಲಿ ನಾನು ತರಗತಿಯನ್ನು ಹಾಜರಿ ನಂಬರಿನ ಪ್ರಕಾರ ಕೂರಿಸಿದೆ. ಒಂದು ಎರಡು ಒಂದು ಡೆಸ್ಕು, ಮೂರು ನಾಲ್ಕು ಒಂದು ಡೆಸ್ಕು. ಮಕ್ಕಳು ಎರಡು ದಿನ ಮುದುರಿಕೊಂಡು ಕೂತು ಮೂರನೆಯ ದಿನ ರಬ್ಬರಿಗಾಗಿ ಜಗಳ ಆಡತೊಡಗಿದವು. ನನಗೆ ಅದಕ್ಕಿಂತ ಸಂತೋಷದ ಸದ್ದು ಆ ವರ್ಷ ಕೇಳಲಿಲ್ಲ. ನೀರಿನ ಡ್ರಮ್ಮು ತೊಳೆಸಿ ನಿಲ್ಲಿಸಿ, ತುಂಬುವ ಸರದಿಯನ್ನೂ ನಂಬರಿನ ಪ್ರಕಾರವೇ ಮಾಡಿದೆ. ವಾರದೊಳಗೆ ಊರಿನ ಒಬ್ಬರು ಬಂದರು. “ಮಗೂನ ಯಾಕ್ ಸಾರ್ ಅಲ್ಲಿ ಕೂರಿಸಿದ್ದೀರ?” ಹಾಜರಿ ನಂಬರು ಎಂದೆ. “ನಂಬರ್ ಬದಲಾಯ್ಸಕ್ಕಾಗಲ್ವಾ?” ಆಗುವುದಿಲ್ಲ ಎಂದೆ. ಅವರು ಕೂಗಾಡಲಿಲ್ಲ. ಕುರ್ಚಿಯಲ್ಲಿ ಕೂತು ಸಮಾಧಾನವಾಗಿ ಟಿ.ಸಿ. ಕೇಳಿದರು. ಕಾರಣದ ಕಾಲಮ್ಮಿನಲ್ಲಿ ‘ಆಂಗ್ಲ ಮಾಧ್ಯಮಕ್ಕೆ ಸೇರಿಸಲು’ ಎಂದು ಬರೆದುಕೊಟ್ಟೆ. ಆ ವರ್ಷ ಅಂಥ ಟಿ.ಸಿ. ನಾಲ್ಕು, ಮುಂದಿನ ವರ್ಷ ಏಳು.

ಈಗ ನಮ್ಮ ಶಾಲೆಯಲ್ಲಿ ಇರುವವರು ಕೇರಿಯವರು, ನಾಯಕರ ಬೀದಿಯ ಕೆಲವರು. ಎಲ್ಲರೂ ಒಟ್ಟಿಗೇ ಕೂರುತ್ತಾರೆ. ಬೆಳಿಗ್ಗೆ ಎಂಟೂಕಾಲಕ್ಕೆ ಹಳದಿ ವ್ಯಾನು ಮಾರಿಗುಡಿಯ ಮುಂದೆ ನಿಂತು ಹಾರನ್ನು ಹೊಡೆದು, ಜಗಲಿಯ ಮೇಲೆ ಕಾಯುತ್ತಿದ್ದ ಮಕ್ಕಳನ್ನು ಹತ್ತಿಸಿಕೊಂಡು, ನಮ್ಮ ಗೇಟಿನ ಮುಂದೆಯೇ ಟೌನಿಗೆ ಹೋಗುತ್ತದೆ. ಬೇಗ ಬಂದ ನಮ್ಮ ಹುಡುಗರು ಗೇಟು ಹತ್ತಿ ಕೈ ಬೀಸುತ್ತಾರೆ. ರಬ್ಬರಿಗೆ ಜಗಳ ಆಡಿದ್ದ ಹುಡುಗಿ ಕಿಟಕಿಯಿಂದ ಒಂದೊಂದು ದಿನ ಕೈ ಬೀಸುತ್ತಾಳೆ, ಒಂದೊಂದು ದಿನ ಬೀಸುವುದಿಲ್ಲ.